ಬಂಡೆ ನಡುವಿನ ಅಕ್ವೇರಿಯಂ: ಉಡುಪಿ, ಮಂಗಳೂರು ಕಡಲಲ್ಲಿ ಜೀವಿಗಳನ್ನು ನೋಡಲು ಒಂದು ದಿನ, ಹಂತ ಹಂತವಾಗಿ

ಕಾಪುವಿನ ಬಂಡೆಗೆ ಹೋಗಿ ಬಂದವರು ಹೇಳುವ ಮಾತು ಒಂದೇ. "ಅಲ್ಲಿ ಎಂತದೂ ಇಲ್ಲ ಮಾರಾಯ್ರೆ, ಬರೀ ಕಲ್ಲು." ನಾನು ತಿರುಗಿ ಕೇಳುವ ಪ್ರಶ್ನೆಯೂ ಒಂದೇ. "ಎಷ್ಟು ಗಂಟೆಗೆ ಹೋಗಿದ್ರಿ?" ಹನ್ನೊಂದಕ್ಕೆ ಅನ್ನುತ್ತಾರೆ, ಊಟ ಮುಗಿಸಿ ಅನ್ನುತ್ತಾರೆ. ಅವತ್ತು ಇಳಿತ ಎಷ್ಟಕ್ಕಿತ್ತು ಅಂದರೆ ಮುಖ ಮುಖ ನೋಡುತ್ತಾರೆ.

ನಗುವ ಹಾಗಿಲ್ಲ, ನಾನೂ ಹಾಗೆಯೇ ಮಾಡಿದವನು. ಅಕ್ಕನ ಮಕ್ಕಳು ದುಬೈಯಿಂದ ರಜೆಗೆ ಬಂದಿದ್ದರು. ಅಲ್ಲಿ ಮಾಲ್‌ನ ಒಳಗೇ ದೊಡ್ಡ ಅಕ್ವೇರಿಯಂ ನೋಡಿ ಬಂದ ಮಕ್ಕಳು. "ನಮ್ಮೂರಲ್ಲಿ ಕಡಲೇ ಇದೆ, ಬನ್ನಿ ತೋರಿಸುತ್ತೇನೆ" ಎಂದು ಜಂಬದಿಂದ ಕರೆದುಕೊಂಡು ಹೋದೆ. ಬಂಡೆಯ ಮುಕ್ಕಾಲು ಭಾಗ ನೀರಿನೊಳಗೆ ಮುಳುಗಿತ್ತು. ಅರ್ಧ ಗಂಟೆ ಬಿಸಿಲಲ್ಲಿ ನಿಂತು, ಐಸ್‌ಕ್ಯಾಂಡಿ ತಿಂದು ವಾಪಸ್ ಬಂದೆವು. "ಮಾಮ, ಮೀನು ಎಲ್ಲಿ?" ಎಂದು ಸಣ್ಣವಳು ದಾರಿಯುದ್ದಕ್ಕೂ ಕೇಳುತ್ತಲೇ ಇದ್ದಳು.

ಗಾಜಿನ ಅಕ್ವೇರಿಯಂಗೆ ಟಿಕೆಟ್ ತೆಗೆದರೆ ಆಯಿತು. ಕಡಲಿನದ್ದಕ್ಕೆ ಗಂಟೆ ನೋಡಿಕೊಂಡು ಹೋಗಬೇಕು, ಆ ಗಂಟೆಯೂ ನಮ್ಮದಲ್ಲ. ನೀರು ಇಳಿದಾಗ ಬಂಡೆಗಳ ನಡುವಿನ ಗುಂಡಿಗಳಲ್ಲಿ ಸಿಕ್ಕಿಕೊಂಡು ಉಳಿಯುವ ಮೀನು, ಏಡಿ, ಕಡಲ ಹೂವು ಎಂಬ ಹೂವಿನಂಥ ಜೀವಿಗಳನ್ನು ನೋಡಲು ನಮಗೆ ಸಿಗುವುದು ಎರಡು ಗಂಟೆ, ಹೆಚ್ಚೆಂದರೆ ಎರಡೂವರೆ. ಈ ಬರಹದ ಅರ್ಧಭಾಗ ಆ ಎರಡು ಗಂಟೆಯನ್ನು ಹುಡುಕುವುದು ಹೇಗೆ ಎಂಬುದಕ್ಕೇ ಮೀಸಲು. ಸೋಲುವವರೆಲ್ಲ ಸೋಲುವುದು ಅಲ್ಲೇ.

## ಹಂತ 1: ದಿನ ಆರಿಸಿ (ಭಾನುವಾರ ಎಂದು ಮೊದಲೇ ನಿರ್ಧರಿಸಬೇಡಿ)

ಮೊದಲು ತಿಂಗಳು. ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯದು, ಮಾರ್ಚ್ ಪರವಾಗಿಲ್ಲ. ಮಳೆಗಾಲದಲ್ಲಿ ಬೇಡವೇ ಬೇಡ. ಅಲೆ ಜೋರು, ನೀರು ಕೆಂಪು, ಬಂಡೆ ಪಾಚಿಗಟ್ಟಿ ಸೋಪಿನ ಹಾಗೆ ಜಾರುತ್ತದೆ. ಅಕ್ಟೋಬರ್‌ನಲ್ಲೂ ಮಳೆ ಬಂದ ಮಾರನೇ ದಿನ ಹೋಗಬೇಡಿ, ಗುಂಡಿಯ ತಳ ಕಾಣುವುದಿಲ್ಲ.

ಆಮೇಲೆ ಚಂದ್ರ. ಗೋಡೆಯ ಕ್ಯಾಲೆಂಡರ್ ತೆಗೆದು ಅಮಾವಾಸ್ಯೆ, ಹುಣ್ಣಿಮೆ ಗುರುತು ಹಾಕಿ. ಸೂರ್ಯ, ಚಂದ್ರ, ಭೂಮಿ ಒಂದೇ ಸಾಲಿಗೆ ಬರುವ ಈ ದಿನಗಳಲ್ಲಿ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಸರಿಯಾಗಿ ಆ ದಿನವೇ ಹೋಗಬೇಕೆಂದಿಲ್ಲ. ಒಂದೆರಡು ದಿನ ಕಳೆದ ಮೇಲೆಯೇ ಇಳಿತ ಇನ್ನೂ ಚೆನ್ನಾಗಿರುತ್ತದೆ. ಅಷ್ಟಮಿಯ ಆಸುಪಾಸು ಬೇಡ, ಆಗ ಏರಿಳಿತ ತೀರಾ ಕಡಿಮೆ. ಉಡುಪಿಯಲ್ಲಿ ಅಷ್ಟಮಿ ಎಂದರೆ ಮೊಸರು ಕುಡಿಕೆ ನೋಡಬೇಕು, ಬಂಡೆ ಅಲ್ಲ.

## ಹಂತ 2: ಇಳಿತದ ಪಟ್ಟಿ ಓದಿ

ಹಳಬರು ಭರತ, ಇಳಿತ ಅನ್ನುತ್ತಾರೆ, ಪುಸ್ತಕದಲ್ಲಿ ಉಬ್ಬರ, ಇಳಿತ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದಕ್ಕೂ ಇನ್ನೊಂದಕ್ಕೂ ಆರು ಗಂಟೆ ಚಿಲ್ಲರೆ. ಮಾರನೇ ದಿನ ಅದೇ ಇಳಿತ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಹಾಗಾಗಿ "ಕಳೆದ ಶನಿವಾರ ಬೆಳಗ್ಗೆ ಚೆನ್ನಾಗಿತ್ತು, ಈ ಶನಿವಾರವೂ ಅದೇ ಹೊತ್ತಿಗೆ ಹೋಗೋಣ" ಅಂದರೆ ಕೆಟ್ಟಿರಿ. ವಾರದಲ್ಲಿ ಲೆಕ್ಕ ಹೆಚ್ಚು ಕಡಿಮೆ ತಿರುಗಾಮುರುಗಾ ಆಗಿರುತ್ತದೆ.

ಪಟ್ಟಿ ಫೋನಿನಲ್ಲೇ ಸಿಗುತ್ತದೆ. ಹೈದರಾಬಾದಿನ ಇನ್‌ಕಾಯಿಸ್ (INCOIS, ಭಾರತೀಯ ಸಾಗರ ಮಾಹಿತಿ ಸೇವೆಗಳ ಕೇಂದ್ರ) ಸಂಸ್ಥೆ ಕರಾವಳಿಯ ಬಂದರುಗಳಿಗೆ ಉಬ್ಬರ ಇಳಿತದ ಮುನ್ಸೂಚನೆ ಕೊಡುತ್ತದೆ. ಖಾಸಗಿ ಆಪ್‌ಗಳೂ ಬೇಕಾದಷ್ಟಿವೆ. ಮಂಗಳೂರಿನ ಪಟ್ಟಿಯೇ ಕಾಪು, ಮಲ್ಪೆಗೂ ಸಾಕು, ಹೆಚ್ಚಿನ ವ್ಯತ್ಯಾಸ ಇಲ್ಲ.

ಪಟ್ಟಿ ಕೈಗೆ ಸಿಕ್ಕ ಮೇಲೆ ಜನ ಮಾಡುವ ತಪ್ಪು ಮೂರು.

ಒಂದು, ತಪ್ಪು ಇಳಿತ ಆರಿಸುವುದು. ಇದು ಎಲ್ಲಕ್ಕಿಂತ ದೊಡ್ಡದು. ನಮ್ಮಲ್ಲಿ ದಿನದ ಎರಡು ಇಳಿತಗಳು ಸಮನಾಗಿರುವುದಿಲ್ಲ. ಪಣಂಬೂರಿನ ನವಮಂಗಳೂರು ಬಂದರಿನ ಲೆಕ್ಕದಲ್ಲಿ ದಿನದ ದೊಡ್ಡ ಇಳಿತ ಸರಾಸರಿ 0.26 ಮೀಟರ್, ಸಣ್ಣ ಇಳಿತ ಸರಾಸರಿ 0.67 ಮೀಟರ್. ವ್ಯತ್ಯಾಸ ಹತ್ತಿರ ಹತ್ತಿರ ಒಂದು ಮೊಳ. ಕೆಳಗಿನ ಗುಂಡಿಗಳೆಲ್ಲ ಇರುವುದು ಆ ಒಂದು ಮೊಳದಲ್ಲೇ. ಎರಡರಲ್ಲಿ ಯಾವ ಅಂಕೆ ಚಿಕ್ಕದೋ ಅದನ್ನೇ ಹಿಡಿಯಿರಿ. ನನ್ನ ಲೆಕ್ಕ ಹೀಗೆ: 0.3 ಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹೊರಡುತ್ತೇನೆ. 0.4 ಇದ್ದರೆ ಹತ್ತಿರದವರು ಹೋಗಬಹುದು. 0.6 ದಾಟಿದರೆ ಮನೆಯಲ್ಲೇ ಇರಿ.

ಎರಡು, ಈ ಅಂಕೆಯನ್ನು ನೀರಿನ ಆಳ ಎಂದುಕೊಳ್ಳುವುದು. 0.2 ಮೀಟರ್ ಅಂದರೆ ಗೇಣುದ್ದ ನೀರು ಇರುತ್ತದೆ ಎಂದಲ್ಲ. ಬಂದರಿನವರು ಇಟ್ಟುಕೊಂಡ ಒಂದು ತಳಮಟ್ಟದಿಂದ ಕಡಲ ನೀರು ಎಷ್ಟು ಮೇಲಿದೆ ಎಂಬ ಲೆಕ್ಕ ಅದು. ಬಂಡೆಯ ಪಕ್ಕದಲ್ಲಿ ಆಳ ಎರಡಾಳು ಇರಬಹುದು.

ಮೂರು, ಗಡಿಯಾರದ ಗೊಂದಲ. ಕೆಲವು ವಿದೇಶಿ ಜಾಲತಾಣಗಳು ಗ್ರೀನಿಚ್ ಸಮಯ ತೋರಿಸುತ್ತವೆ. ನಮ್ಮ ಸಮಯಕ್ಕೂ ಅದಕ್ಕೂ ಐದೂವರೆ ಗಂಟೆ ವ್ಯತ್ಯಾಸ. ಇಳಿತ ಎಂದುಕೊಂಡು ಹೋದರೆ ನೀರು ಉಬ್ಬರದ ತುದಿಯಲ್ಲಿರುತ್ತದೆ. ಪಟ್ಟಿಯ ಮೂಲೆಯಲ್ಲಿ ಭಾರತೀಯ ಸಮಯ ಎಂದು ಇದೆಯೇ ನೋಡಿಕೊಳ್ಳಿ.

## ಹಂತ 3: ಅಲೆ ಎಷ್ಟಿದೆ ಎಂದು ಹಿಂದಿನ ರಾತ್ರಿ ನೋಡಿ

ಇಳಿತ ಚೆನ್ನಾಗಿದ್ದರೂ ಅಲೆ ಜೋರಿದ್ದರೆ ಕೆಲಸ ಆಗುವುದಿಲ್ಲ. ಅಲೆಯ ಮುನ್ಸೂಚನೆಯೂ ಇನ್‌ಕಾಯಿಸ್‌ನಲ್ಲೇ ಇರುತ್ತದೆ. ಅಲೆಯ ಎತ್ತರ ಒಂದು ಮೀಟರಿನ ಒಳಗಿದ್ದರೆ ನಾನು ಹೋಗುತ್ತೇನೆ. ಮೇಲಿದ್ದರೆ ಮುಂದಿನ ಹದಿನೈದು ದಿನ ಕಾಯುತ್ತೇನೆ.

ಇನ್ನೊಂದು ವಿಷಯ ಗೊತ್ತಿರಲಿ. ಮಾರ್ಚ್ ಕಳೆದ ಮೇಲೆ, ಮಳೆಗಾಲಕ್ಕೆ ಮುಂಚೆ, ಗಾಳಿಯೇ ಇಲ್ಲದ ಬಿಸಿಲಿನ ದಿನವೂ ಕಡಲು ಇದ್ದಕ್ಕಿದ್ದಂತೆ ಉಕ್ಕಿ ದಡಕ್ಕೆ ನುಗ್ಗುವುದುಂಟು. ಕೇರಳದವರು ಇದನ್ನು ಕಳ್ಳಕ್ಕಡಲ್ ಅನ್ನುತ್ತಾರೆ, ಕಳ್ಳ ಕಡಲು. 2012ರಲ್ಲಿ ಯುನೆಸ್ಕೊ ಕೂಡ ಅದೇ ಹೆಸರನ್ನು ಒಪ್ಪಿಕೊಂಡಿದೆ. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆಗಳು ಸಾವಿರಾರು ಕಿಲೋಮೀಟರ್ ದಾಟಿ ಬಂದು ನಮ್ಮ ದಡಕ್ಕೆ ಬಡಿಯುವುದು ಇದು. ಆಕಾಶ ನೋಡಿದರೆ ಸುಳಿವೇ ಸಿಗುವುದಿಲ್ಲ. ಎಚ್ಚರಿಕೆ ಬಂದ ದಿನ ಬಂಡೆಯ ಹತ್ತಿರ ಸುಳಿಯಬೇಡಿ. ಇದರಲ್ಲಿ ನೋಡೋಣ, ಮಾಡೋಣ ಎಂಬ ಮಾತೇ ಇಲ್ಲ.

## ಹಂತ 4: ಜಾಗ ಆರಿಸಿ

ಕಾಪು: ಮೊದಲ ಸಲಕ್ಕೆ ಇದೇ ಸರಿ. ಉಡುಪಿಯಿಂದ ದಕ್ಷಿಣಕ್ಕೆ ಸುಮಾರು 13 ಕಿಲೋಮೀಟರ್, ಹೆದ್ದಾರಿಯಿಂದ ಕಡಲ ಕಡೆಗೆ ಒಳಗೆ ಹೋಗಬೇಕು. 1901ರಲ್ಲಿ ಕಟ್ಟಿದ ದೀಪಸ್ತಂಭ ನಿಂತಿರುವುದೇ ಬಂಡೆಯ ಮೇಲೆ. ಅದರ ಬುಡದ ಎತ್ತರದ ಬಂಡೆ ಫೋಟೊಗೆ ಚಂದ, ಜೀವಿಗಳು ಇರುವುದು ಅಲ್ಲಿ ಅಲ್ಲ. ಆಚೀಚೆ ಮರಳಿಗೆ ತಾಗಿಕೊಂಡಿರುವ ತಗ್ಗಿನ ಕಲ್ಲುಗಳನ್ನು ಹುಡುಕಿ.

ಸುರತ್ಕಲ್: ದೀಪಸ್ತಂಭದ ಕೆಳಗಿನ ಬಂಡೆಗಳು. ಮಂಗಳೂರಿನವರಿಗೆ ಹತ್ತಿರ. ಬೆಳಗಿನ ಜಾವದ ಇಳಿತಕ್ಕೆ ನಾನು ಇಲ್ಲಿಗೇ ಹೋಗುವುದು.

ಸೋಮೇಶ್ವರ: ಉಳ್ಳಾಲದ ಆಚೆ, ದೇವಸ್ಥಾನದ ಹತ್ತಿರದ ರುದ್ರಪಾದೆ. ಗುಂಡಿಗಳೇನೋ ಚೆನ್ನಾಗಿವೆ. ಆದರೆ ಅಲ್ಲಿನ ಕಡಲು ಒರಟು, ಬಂಡೆಯಿಂದ ಜಾರಿ ನೀರುಪಾಲಾದವರ ಸುದ್ದಿ ಪತ್ರಿಕೆಯಲ್ಲಿ ಮತ್ತೆ ಮತ್ತೆ ಬಂದಿದೆ. ಮಕ್ಕಳ ಜೊತೆ ಬೇಡ. ಮೊದಲ ಸಲ ಹೋಗುವವರಿಗೂ ಬೇಡ.

ಸೇಂಟ್ ಮೇರೀಸ್ ದ್ವೀಪ: ಮಲ್ಪೆಯಿಂದ ದೋಣಿಯಲ್ಲಿ ಅರ್ಧ ಗಂಟೆಯ ಒಳಗಿನ ದಾರಿ. ಸುಮಾರು 8.8 ಕೋಟಿ ವರ್ಷದ ಹಿಂದೆ ಲಾವಾ ತಣ್ಣಗಾಗಿ ಕಂಬ ಕಂಬವಾಗಿ ಸೀಳಿದ ಕಲ್ಲು ಅದು. ಮುರಿದ ಕಂಬಗಳ ನಡುವಿನ ಸಂದುಗಳಲ್ಲಿ ನೀರು ನಿಂತು ಅಚ್ಚುಕಟ್ಟಾದ ಗುಂಡಿಗಳಾಗಿವೆ. ತೊಂದರೆ ಏನೆಂದರೆ ದೋಣಿ ಓಡುವುದು ಹಗಲಿನಲ್ಲಿ ಮಾತ್ರ, ಜನ ತುಂಬುವವರೆಗೆ ಕಾಯಲೂ ಬೇಕಾಗುತ್ತದೆ. ದೊಡ್ಡ ಇಳಿತ ಬೆಳಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಮೂರರ ಒಳಗೆ ಬಿದ್ದರೆ ಮಾತ್ರ ದ್ವೀಪಕ್ಕೆ ಹೋಗಿ. ಇಲ್ಲವಾದರೆ ಕಾಪುವೇ ಮೇಲು. ಮಳೆಗಾಲದಲ್ಲಿ ದೋಣಿ ಇಲ್ಲ. ದ್ವೀಪದಲ್ಲಿ ಕಾವಲಿನವರು ಹಗ್ಗ ಕಟ್ಟಿದ ಕಡೆ ದಾಟಿ ಹೋಗಬೇಡಿ.

ನದಿ ಸಮುದ್ರ ಸೇರುವ ಅಳಿವೆಯ ಪಕ್ಕದ ಕಲ್ಲುಗಳಲ್ಲಿ ಅಷ್ಟೇನೂ ಸಿಗುವುದಿಲ್ಲ. ಸಿಹಿನೀರು ಬೆರೆತ ಕಡೆ ಈ ಜೀವಿಗಳಲ್ಲಿ ಹೆಚ್ಚಿನವು ಬದುಕುವುದಿಲ್ಲ. ಅಲೆ ತಡೆಯಲು ಸುರಿದ ಕಲ್ಲಿನ ರಾಶಿಗಳ ಮೇಲಂತೂ ಹತ್ತಲೇಬೇಡಿ. ಅವು ಅಲುಗುತ್ತವೆ.

## ಹಂತ 5: ಚೀಲ ಕಟ್ಟಿ

ಮೊದಲನೆಯದು ಶೂ. ಹಳೆಯ ಕ್ಯಾನ್ವಾಸ್ ಶೂ, ಒಳಗೆ ಕಾಲುಚೀಲ. ರಬ್ಬರ್ ಚಪ್ಪಲಿ ಒಂದೇ ಅಲೆಗೆ ಕಾಲಿನಿಂದ ಹೋಗುತ್ತದೆ. ಬರಿಗಾಲಂತೂ ಬೇಡ, ಬಂಡೆಗೆ ಅಂಟಿದ ಸಿಂಪಿಯ ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಶೂ ಹಾಳಾಗುತ್ತದೆ ಎಂದು ಕೈಯಲ್ಲಿ ಹಿಡಿದುಕೊಂಡು ನಡೆದವರನ್ನು ನೋಡಿದ್ದೇನೆ. ಹೊಸ ಶೂ ಹಾಕಿಕೊಂಡು ಬಂದರೆ ಹೀಗೇ.

ಎರಡನೆಯದು ನೀರಿನೊಳಗೆ ನೋಡುವ ಡಬ್ಬ. ಇದನ್ನು ಮನೆಯಲ್ಲೇ ಮಾಡಿ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬದ ತಳ ಕತ್ತರಿಸಿ ತೆಗೆಯಿರಿ. ತೆಗೆದ ಕಡೆಗೆ ಸ್ವಚ್ಛವಾದ, ಸುಕ್ಕಿಲ್ಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದೆಸಿ ರಬ್ಬರ್ ಬ್ಯಾಂಡ್ ಬಿಗಿಯಿರಿ. ಆ ಭಾಗವನ್ನು ಗುಂಡಿಯ ನೀರಿಗೆ ಸ್ವಲ್ಪ ಒತ್ತಿ ಮೇಲಿನಿಂದ ನೋಡಿ. ಗಾಳಿಗೆ ಏಳುವ ಸಣ್ಣ ತೆರೆ, ಆಕಾಶದ ಹೊಳಪು ಎರಡೂ ಮಾಯವಾಗಿ ತಳದ ಮರಳಿನ ಕಣವೂ ಕಾಣುತ್ತದೆ. ಐದು ನಿಮಿಷದ ಕೆಲಸ. ಆದರೆ ಇದಿಲ್ಲದೆ ಹೋದವರು ಕಾಣುವುದು ತಮ್ಮ ಮುಖವನ್ನೇ.

ಇನ್ನುಳಿದದ್ದು ಎಲ್ಲರಿಗೂ ಗೊತ್ತಿರುವುದು. ಟೋಪಿ, ಒಬ್ಬೊಬ್ಬರಿಗೆ ಒಂದು ಲೀಟರ್ ಕುಡಿಯುವ ನೀರು, ಬೈರಾಸು (ಟವೆಲ್), ಫೋನಿಗೆ ಜಿಪ್ ಕವರ್, ಬೆಳಗಿನ ಜಾವಕ್ಕೆ ಟಾರ್ಚ್, ಬ್ಯಾಂಡೇಜ್. ಒಂದು ಫ್ಲಾಸ್ಕಿನಲ್ಲಿ ಬಿಸಿನೀರು, ಯಾಕೆಂದು ಮುಂದೆ ಹೇಳುತ್ತೇನೆ. ಬಲೆ, ಬಕೆಟ್, ಬಾಟಲಿ ಮನೆಯಲ್ಲೇ ಇರಲಿ. ಕೈಯಲ್ಲಿ ಬಾಟಲಿ ಇದ್ದರೆ ಮಕ್ಕಳಿಗೆ ತುಂಬಿಸದೆ ಮನಸ್ಸು ತಡೆಯುವುದಿಲ್ಲ.

## ಹಂತ 6: ದಿನದ ಸಮಯ ಹೊಂದಿಸಿ

ಪಟ್ಟಿಯಲ್ಲಿ ಇಳಿತ ಬೆಳಗ್ಗೆ 7.10 ಎಂದಿದೆ ಅಂದುಕೊಳ್ಳಿ. 7.10ಕ್ಕೆ ತಲುಪಿದರೆ ತಡವಾಯಿತು. 5.45ಕ್ಕೆ ಬಂಡೆಯ ಹತ್ತಿರ ಇರಬೇಕು. ಬೆಳಕು ಹರಿಯುತ್ತಿದ್ದಂತೆ ಇಳಿಯುವ ನೀರಿನ ಹಿಂದೆಯೇ ನಿಧಾನವಾಗಿ ಕೆಳಗೆ ಹೋಗಬೇಕು. ಆಗ ಪ್ರತಿ ಮೆಟ್ಟಿಲಿನ ಜೀವಿಯೂ ಇನ್ನೂ ಒದ್ದೆಯಾಗಿ, ಚುರುಕಾಗಿ ಸಿಗುತ್ತದೆ. 7.10ರ ಹೊತ್ತಿಗೆ ಅತಿ ಕೆಳಗಿನ ಗುಂಡಿಯ ಹತ್ತಿರ ಇರಿ. 7.40ಕ್ಕೆ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಅದು ಹೊಡೆದ ಕೂಡಲೇ ಹಿಂತಿರುಗಿ, ಇನ್ನೊಂದೇ ಫೋಟೊ ಅನ್ನಬೇಡಿ.

ಈ ಅಲಾರಂ ಯಾಕೆ? ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಇಳಿತದಿಂದ ಉಬ್ಬರಕ್ಕೆ 1.2 ಮೀಟರ್ ಏರಬೇಕು ಎಂದಾದರೆ ಮೊದಲ ಗಂಟೆ ಏರುವುದು ಸುಮಾರು 10 ಸೆಂಟಿಮೀಟರ್. ಎರಡನೇ ಗಂಟೆ 20. ಮೂರನೇ ಗಂಟೆ, ನಾಲ್ಕನೇ ಗಂಟೆ 30, 30. ಮೊದಲ ಗಂಟೆಯಲ್ಲಿ ಏನೂ ಆಗಲಿಲ್ಲ ಎಂದು ಕೂತವರು ಮೂರನೇ ಗಂಟೆಯಲ್ಲಿ ಸಿಕ್ಕಿಬೀಳುತ್ತಾರೆ. ನೀವು ನಿಂತ ಕಲ್ಲು ಒಣಗಿಯೇ ಇರುತ್ತದೆ. ನೀವು ದಾಟಿ ಬಂದ ತಗ್ಗು ಅಷ್ಟರಲ್ಲಿ ತುಂಬಿರುತ್ತದೆ. ಹೋಗುವಾಗಲೇ ವಾಪಸ್ ಬರುವ ದಾರಿಯ ಅತಿ ತಗ್ಗಿನ ಜಾಗ ಯಾವುದು ಎಂದು ನೋಡಿಟ್ಟುಕೊಳ್ಳಿ. ಗಮನ ಇಡಬೇಕಾದ್ದು ಆ ಜಾಗದ ಮೇಲೆ.

ಎರಡು ಇಳಿತದಲ್ಲಿ ದೊಡ್ಡದು ನಡುರಾತ್ರಿಗೆ ಬಿದ್ದರೆ ಆ ದಿನವನ್ನೇ ಬಿಡಿ. ಕತ್ತಲಲ್ಲಿ ಬಂಡೆ ಇಳಿಯುವ ಸಾಹಸ ಬೇಡ.

## ಹಂತ 7: ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಓದಿ

ಮೇಲಿನ ಒಣ ಕಲ್ಲಿನ ಬಿರುಕುಗಳಲ್ಲಿ ಸಾಸಿವೆ, ಮೆಂತೆಯಷ್ಟು ದೊಡ್ಡ ಬಸವನಹುಳುಗಳು ಗುಂಪಾಗಿ ಅಂಟಿರುತ್ತವೆ. ಸತ್ತದ್ದಲ್ಲ, ಬಾಯಿ ಮುಚ್ಚಿಕೊಂಡು ನೀರಿಗೆ ಕಾಯುತ್ತಿವೆ. ಸ್ವಲ್ಪ ಕೆಳಗೆ ಬಿಳಿ ಬಿಳಿ ಚಿಕ್ಕ ಜ್ವಾಲಾಮುಖಿಯ ಹಾಗೆ ಕಲ್ಲಿನ ತುಂಬ ಇರುವುದು ಬಾರ್ನಕಲ್. ಚಿಪ್ಪಿನ ಹಾಗೆ ಕಂಡರೂ ಅದು ಸಿಗಡಿ, ಏಡಿಯ ಬಳಗ. ಚಿಕ್ಕ ಗುಂಡಿಯೊಳಗೆ ಮುಳುಗಿರುವ ಬಾರ್ನಕಲ್ ಸಿಕ್ಕರೆ ಎರಡು ನಿಮಿಷ ನೋಡಿ. ಬಾಯಿ ತೆರೆದು ಗರಿಯಂಥ ಕಾಲುಗಳನ್ನು ಹೊರಗೆ ಬೀಸಿ ಆಹಾರ ಬಾಚಿಕೊಳ್ಳುತ್ತದೆ.

ಇನ್ನೂ ಕೆಳಗೆ ಸಿಂಪಿ, ಹಸಿರು ಅಂಚಿನ ಪಚ್ಚಿಲೆ ಎಂಬ ಚಿಪ್ಪುಜೀವಿ. ಇಲ್ಲಿ ಪಚ್ಚಿಲೆ ಕೀಳುವವರು ಸಿಗಬಹುದು. ಅವರಿಗೆ ಅದು ಹೊಟ್ಟೆಪಾಡು, ದಾರಿಗೆ ಅಡ್ಡ ನಿಲ್ಲಬೇಡಿ. ನಿಲ್ಲಿಸಿ ಒಂದು ಮಾತು ಕೇಳಿದರೆ ಯಾವ ಗುಂಡಿಯಲ್ಲಿ ಏನಿದೆ ಎಂದು ಅವರೇ ತೋರಿಸುತ್ತಾರೆ. ಕಾಪುವಿನಲ್ಲಿ ನಾನು ನೋಡಿದ ಮೊದಲ ಆಕ್ಟೋಪಸ್ ತೋರಿಸಿದ್ದು ಹಾಗೆ ಸಿಕ್ಕ ಒಬ್ಬ ಅಜ್ಜ. ಒಂದು ಸಂದಿನ ಬಾಯಲ್ಲಿ ಒಡೆದ ಏಡಿ ಚಿಪ್ಪು, ಸಿಂಪಿ ಚೂರುಗಳ ಕಸ ಬಿದ್ದಿತ್ತು. "ಊಟ ಮಾಡಿ ಬಾಳೆಲೆ ಹೊರಗೆ ಎಸೆದದ್ದು ಅದು. ಒಳಗೆ ಇದ್ದಾನೆ, ಸುಮ್ನೆ ಕೂತ್ಕೊಳ್ಳಿ" ಎಂದರು. ಕೂತೆವು. ಸ್ವಲ್ಪ ಹೊತ್ತಿಗೆ ಕಲ್ಲೇ ಕಣ್ಣು ಬಿಟ್ಟ ಹಾಗಾಯಿತು.

ಅತಿ ಕೆಳಗೆ, ನೀರಿನ ಅಂಚಿನಲ್ಲಿ, ಅಂಗಿಯ ಗುಂಡಿಗಳನ್ನು ಒದ್ದೆಯಾಗಿ, ಸಾಲಾಗಿ ಅಂಟಿಸಿದ ಚಾಪೆಯಂಥದು ಕಂಡರೆ ಅದನ್ನು ತುಳಿಯಬೇಡಿ, ಮುಟ್ಟಲೂ ಬೇಡಿ. ಅವು ಜೊಯಾಂಥಿಡ್ ಎಂಬ ಜೀವಿಗಳು, ಹವಳದ ನೆಂಟರು. ಕೆಲವು ಜಾತಿಗಳಲ್ಲಿ ಬಲವಾದ ವಿಷ ಇದೆ.

## ಹಂತ 8: ಒಂದೇ ಗುಂಡಿಯ ಹತ್ತಿರ ಹತ್ತು ನಿಮಿಷ ಕೂರಿ

ಗುಂಡಿಯಿಂದ ಗುಂಡಿಗೆ ಹಾರುತ್ತ ಹೋದವರು ಇಪ್ಪತ್ತು ಗುಂಡಿ ನೋಡಿ ಒಂದು ಏಡಿಯ ಬೆನ್ನು ಕಾಣುತ್ತಾರೆ. ನೆರಳು ಬಿದ್ದ ಕೂಡಲೇ ಎಲ್ಲವೂ ಅಡಗುತ್ತವೆ. ಕೊಕ್ಕರೆ ಬಂತು ಎಂದೇ ಅವುಗಳ ಲೆಕ್ಕ. ಸೂರ್ಯನಿಗೆ ಮುಖ ಮಾಡಿ ಕೂರಿ, ನೆರಳು ನಿಮ್ಮ ಬೆನ್ನ ಹಿಂದೆ ಬೀಳಲಿ. ಬಂಡೆಯ ಮೇಲೆ ಕಾಲು ಕುಟ್ಟಬೇಡಿ. ಮೂರು ನಿಮಿಷ ಏನೂ ಇರುವುದಿಲ್ಲ. ನಾಲ್ಕನೇ ನಿಮಿಷಕ್ಕೆ ಖಾಲಿ ಶಂಖವೊಂದು ನಡೆಯಲು ಶುರು ಮಾಡುತ್ತದೆ. ಅದು ಸನ್ಯಾಸಿ ಏಡಿ. ಸನ್ಯಾಸಿ ಎಂದು ಹೆಸರು ಅಷ್ಟೇ, ಇನ್ನೊಬ್ಬನ ಮನೆ ಕಸಿದುಕೊಳ್ಳುವ ಜಗಳ ನೋಡಿದರೆ ಹಾಗನ್ನಿಸುವುದಿಲ್ಲ. ಆಮೇಲೆ ಕಲ್ಲಿನ ಬಣ್ಣದ್ದೇ ಬೆರಳುದ್ದದ ಮೀನುಗಳು ತಲೆ ಹೊರಗೆ ಹಾಕುತ್ತವೆ. ಗಾಜಿನಂಥ ಸಿಗಡಿ ಮರಿಗಳು ಕಾಣಬೇಕಾದರೆ ಟಾರ್ಚನ್ನು ಮೇಲಿನಿಂದಲ್ಲ, ಪಕ್ಕದಿಂದ ಹಿಡಿಯಿರಿ. ಮೊದಲು ಕಣ್ಣುಗಳು ಮಿನುಗುತ್ತವೆ.

ಕಡಲ ಹೂವನ್ನು ಹೆಚ್ಚಿನವರು ನೋಡಿಯೂ ಗುರುತಿಸುವುದಿಲ್ಲ. ನೀರಿನ ಹೊರಗಿದ್ದಾಗ ಅದು ಮೈತುಂಬ ಮರಳು, ಚಿಪ್ಪಿನ ಚೂರು ಅಂಟಿಸಿಕೊಂಡ ಲೋಳೆ ಉಂಡೆ. ಅದೇ ನೀರೊಳಗೆ ಇದ್ದರೆ ದಾಸವಾಳದ ಹಾಗೆ ಅರಳಿರುತ್ತದೆ. ಉಂಡೆಯನ್ನು ಗುರುತು ಹಿಡಿದ ಮೇಲೆ ಪಕ್ಕದ ಗುಂಡಿಯಲ್ಲಿ ಹೂವನ್ನು ಹುಡುಕಿ, ಸಿಕ್ಕೇ ಸಿಗುತ್ತದೆ.

ಹೆಸರು ಗೊತ್ತಿಲ್ಲದ್ದರ ಫೋಟೊ ತೆಗೆದುಕೊಳ್ಳಿ. ಮನೆಗೆ ಹೋಗಿ ಐನ್ಯಾಚುರಲಿಸ್ಟ್ ಆಪ್‌ಗೆ ಹಾಕಿದರೆ ತಿಳಿದವರು ಹೇಳುತ್ತಾರೆ. ಬಂಡೆಯ ಮೇಲೆ ನಿಂತು ಫೋನಿನಲ್ಲಿ ಹುಡುಕುತ್ತ ಕೂರಬೇಡಿ, ಅಲಾರಂ ಹೊಡೆಯುವುದಕ್ಕೆ ಜಾಸ್ತಿ ಹೊತ್ತು ಇರುವುದಿಲ್ಲ.

## ಹಂತ 9: ಕೈ ಎಲ್ಲಿ ಇಡಬಾರದು

ಸಂದುಗಳೊಳಗೆ ಕೈ ಹಾಕಬೇಡಿ. ಕಲ್ಲಿನಂತೆಯೇ ಕಾಣುವ, ಬೆನ್ನಿನ ಮುಳ್ಳಲ್ಲಿ ವಿಷ ಇರುವ ಮೀನುಗಳಿವೆ. ಐಸ್‌ಕ್ರೀಂ ಕೋನಿನ ಆಕಾರದ, ಚಂದ ಚಂದದ ಚಿತ್ತಾರದ ಶಂಖ ಕಂಡರೆ ಎತ್ತಬೇಡಿ. ಒಳಗೆ ಜೀವ ಇದ್ದರೆ ವಿಷದ ಬಾಣ ಬಿಡುತ್ತದೆ. ಆಕ್ಟೋಪಸ್ ಹಿಡಿಯಬೇಡಿ. ಕಡಲ ಹಾವು ದಡದಲ್ಲಿ ಸತ್ತ ಹಾಗೆ ಬಿದ್ದಿದ್ದರೂ ದೂರ ಇರಿ. ಅದರ ಕಚ್ಚು ಮೊದಮೊದಲು ನೋಯುವುದೇ ಇಲ್ಲ, ಹಾಗಾಗಿಯೇ ಜನ ತಡ ಮಾಡುತ್ತಾರೆ.

ಸಣ್ಣ ಕಲ್ಲನ್ನು ಎತ್ತಿ ನೋಡಿದರೆ ಅದೇ ಜಾಗದಲ್ಲಿ, ಅದೇ ಮಗ್ಗುಲಲ್ಲಿ ಮೆಲ್ಲಗೆ ಇಡಿ. ಅಡಿಯಲ್ಲಿ ಅಂಟಿರುವ ಮೊಟ್ಟೆಗಳು ಬಿಸಿಲಿಗೆ ಬಿದ್ದರೆ ಒಣಗಿಹೋಗುತ್ತವೆ. ನನ್ನ ಮಟ್ಟಿಗೆ ಕಲ್ಲು ಎತ್ತದಿದ್ದರೇ ಒಳ್ಳೆಯದು. ಎತ್ತುವ ಅಗತ್ಯ ಬಿದ್ದದ್ದೂ ಕಡಿಮೆ.

ಕಾನೂನೂ ಗೊತ್ತಿರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಹುಲಿ, ಆನೆಗೆ ಮಾತ್ರ ಅಲ್ಲ. ಹವಳ, ಕಡಲ ಸೌತೆ, ಕಡಲ ಕುದುರೆ, ಕೆಲವು ಜಾತಿಯ ಶಂಖ, ಚಿಪ್ಪುಗಳಿಗೂ ಇದೆ. ಯಾವುದು ಆ ಪಟ್ಟಿಯಲ್ಲಿದೆ ಎಂದು ನಮಗೆ ದಡದಲ್ಲಿ ನಿಂತು ಗೊತ್ತಾಗುವುದಿಲ್ಲ. ಸುಲಭದ ದಾರಿ ಎಂದರೆ ಏನನ್ನೂ ತರದೆ ಇರುವುದು. ಮರಳಿನ ಮೇಲೆ ಕಡಲಾಮೆ ಹತ್ತಿ ಇಳಿದ ಜಾಡು ಕಂಡರೆ, ಟ್ರ್ಯಾಕ್ಟರ್ ಹೋದ ಹಾಗಿರುತ್ತದೆ, ಅಗೆಯಬೇಡಿ. ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಿ.

## ಕೂಡಲೇ ವಾಪಸ್ ಬರಬೇಕಾದ ಸೂಚನೆಗಳು

ಒಣಗಿದ್ದ ಬಂಡೆಗೆ ಒಂದು ಅಲೆಯ ನೀರು ಬಂದು ಬಿದ್ದರೆ ಅದನ್ನು ಮಜಾ ಎಂದುಕೊಳ್ಳಬೇಡಿ. ಅಲ್ಲಿಯವರೆಗೆ ಬಂದ ನೀರು ಇನ್ನೊಮ್ಮೆಯೂ ಬರುತ್ತದೆ, ಜೋರಾಗಿ ಬರುತ್ತದೆ. ಇಳಿತದ ಹೊತ್ತು ಬಂದರೂ ನೀರು ಇಳಿಯದೆ ನಿಂತಿದ್ದರೆ, ಅಥವಾ ಇದ್ದಕ್ಕಿದ್ದಂತೆ ತುಂಬ ಹಿಂದೆ ಸರಿದರೆ, ಏನು ಎತ್ತ ಎಂದು ಯೋಚಿಸದೆ ಎತ್ತರದ ಕಡೆ ನಡೆಯಿರಿ. ಗುಡುಗು ಕೇಳಿದರೂ ಅಷ್ಟೇ, ಬಯಲು ಬಂಡೆಯ ಮೇಲೆ ನಿಂತರೆ ಸುತ್ತಮುತ್ತ ನೀವೇ ಎತ್ತರ.

ಕಡಲಿಗೆ ಬೆನ್ನು ಹಾಕಿ ಸೆಲ್ಫಿ ಬೇಡ. ಹತ್ತಿಪ್ಪತ್ತು ಸಣ್ಣ ಅಲೆಗಳ ನಡುವೆ ಒಂದೆರಡು ದೊಡ್ಡವು ಬಂದೇ ಬರುತ್ತವೆ. ಬಂಡೆಗೆ ಹತ್ತುವ ಮೊದಲು ದಡದಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತು ಅತಿ ದೊಡ್ಡ ಅಲೆ ಎಲ್ಲಿಯವರೆಗೆ ಬರುತ್ತದೆ ಎಂದು ನೋಡಿ, ಆ ಗೆರೆಯಿಂದ ಮೇಲೆಯೇ ಇರಿ.

ಬಂಡೆ ಮುಗಿಸಿ ಮಕ್ಕಳು ಮರಳಿನ ಕಡೆ ನೀರಾಟಕ್ಕೆ ಓಡುತ್ತಾರೆ. ಅಲ್ಲಿ ಎರಡು ಕಡೆ ಅಲೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಕಪ್ಪಾಗಿ ಕಂಡರೆ ಅದು ಸುರಕ್ಷಿತ ಜಾಗ ಅಲ್ಲ. ದಡಕ್ಕೆ ಬಂದ ನೀರು ಒಳಕ್ಕೆ ಎಳೆದುಕೊಂಡು ಹೋಗುವ ದಾರಿ ಅದು. ಯಾರಾದರೂ ಸಿಕ್ಕಿಕೊಂಡರೆ ದಡಕ್ಕೆ ನೇರ ಈಜಬಾರದು, ದಡದ ಉದ್ದಕ್ಕೆ ಪಕ್ಕಕ್ಕೆ ಈಜಬೇಕು. ದಡದಲ್ಲಿದ್ದವರು ಹಿಂದೆಯೇ ಹಾರಬೇಡಿ. ಹಗ್ಗ, ಖಾಲಿ ಕ್ಯಾನ್ ಏನಾದರೂ ಎಸೆಯಿರಿ, ಜೀವರಕ್ಷಕರನ್ನು ಕೂಗಿ, 112ಕ್ಕೆ ಕರೆ ಮಾಡಿ.

## ಕುಟುಕಿದರೆ, ಚುಚ್ಚಿದರೆ

ಜೆಲ್ಲಿ ಫಿಶ್ ತಾಗಿದರೆ ಉಜ್ಜಬೇಡಿ, ಮರಳು ಹಾಕಬೇಡಿ, ಕುಡಿಯುವ ನೀರಿನಿಂದ ತೊಳೆಯಬೇಡಿ. ಕಡಲ ನೀರಿನಿಂದಲೇ ತೊಳೆಯಿರಿ. ಅಂಟಿದ ಎಳೆಗಳನ್ನು ಎಟಿಎಂ ಕಾರ್ಡಿನಂಥದನ್ನು ಬಳಸಿಯಾದರೂ ಕೀಳಬೇಡಿ, ಕೆರೆದಷ್ಟೂ ವಿಷ ಹೆಚ್ಚು ಹೊರಬರುತ್ತದೆ. ಚಿಮುಟದಿಂದ ಮೆಲ್ಲಗೆ ಎತ್ತಿ. ದಡದಲ್ಲಿ ಬಿದ್ದ ನೀಲಿ ಬಲೂನಿನಂಥದು ಕಂಡರೆ ಮಕ್ಕಳನ್ನು ದೂರ ಇಡಿ, ಒಣಗಿದ್ದರೂ ಕುಟುಕುತ್ತದೆ.

ತೊರಕೆ ಮೀನಿನ ಬಾಲದ ಮುಳ್ಳು, ದಡದಲ್ಲಿ ಎಸೆದ ತೇಡೆ ಮೀನಿನ ಮುಳ್ಳು ಚುಚ್ಚಿದರೆ ನೋವು ಜೀವ ಹಿಂಡುತ್ತದೆ. ಫ್ಲಾಸ್ಕ್ ಬೇಕೆಂದು ಹೇಳಿದ್ದು ಇದಕ್ಕೇ. ಬೈರಾಸನ್ನು ಬಿಸಿನೀರಲ್ಲಿ ಅದ್ದಿ ಗಾಯದ ಮೇಲಿಡಿ, ಹತ್ತಿರದ ಹೋಟೆಲಿನಿಂದ ಬಕೆಟ್ ಬಿಸಿನೀರು ಸಿಕ್ಕರೆ ಕಾಲನ್ನೇ ಮುಳುಗಿಸಿ. ಚರ್ಮ ಸುಡದಷ್ಟು, ಆದರೆ ತಡೆಯುವಷ್ಟು ಬಿಸಿ ಇರಬೇಕು. ನೋವಿರುವವನಿಗೆ ಬಿಸಿ ಗೊತ್ತಾಗುವುದಿಲ್ಲ, ಹಾಗಾಗಿ ಮೊದಲು ಬೇರೆಯವರು ಕೈ ಹಾಕಿ ನೋಡಿ. ಮುಳ್ಳು ಆಳಕ್ಕೆ ಹೋಗಿದ್ದರೆ ಕೀಳುವ ಕೆಲಸ ಡಾಕ್ಟರಿಗೆ ಬಿಡಿ. ಉಸಿರಾಟಕ್ಕೆ ಕಷ್ಟ, ವಾಂತಿ, ತುಟಿ ಊದಿಕೊಳ್ಳುವುದು, ಇವುಗಳಲ್ಲಿ ಯಾವುದಾದರೂ ಒಂದು ಕಂಡರೂ ಕಾಯದೆ ಆಸ್ಪತ್ರೆಗೆ ಹೊರಡಿ.

## ಹಂತ 10: ಬಂಡೆಯ ನಂತರ

ಬೆಳಗಿನ ಇಳಿತವಾದರೆ ಒಂಬತ್ತಕ್ಕೆಲ್ಲ ಮುಗಿಯುತ್ತದೆ. ಹೊಟ್ಟೆಗೆ ಬನ್ಸ್, ಗೋಳಿಬಜೆ ಹಾಕಿಕೊಂಡು ಉಳಿದ ಹೊತ್ತಿಗೆ ಮಲ್ಪೆಯ ಬಂದರಿಗೆ ಹೋಗಬಹುದು. ಬೋಟು ಖಾಲಿ ಮಾಡುವಾಗ ಬಂಗುಡೆ, ಬೂತಾಯಿ, ಅಂಜಲ್, ಬೊಂಡಾಸ್, ತೊರಕೆ ಎಲ್ಲ ಒಂದೇ ಕಡೆ ಕಾಣುತ್ತವೆ. ಮಕ್ಕಳಿಗೆ ಗುಂಡಿಯಲ್ಲಿ ನೋಡಿದ ಬೆರಳುದ್ದದ ಮೀನಿನ ಮುಂದೆ ಆಳುದ್ದದ ಮೀನು. ಬದಿಯಲ್ಲಿ ನಿಲ್ಲಿ, ಬುಟ್ಟಿ ಹೊತ್ತು ಬರುವವರಿಗೆ ದಾರಿ ಬಿಡಿ, ನೆಲ ಐಸ್ ನೀರಿನಿಂದ ಜಾರುತ್ತಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ ಇರುವುದರಿಂದ ಆಗ ಬಂದರು ಕೂಡ ಖಾಲಿ.

ತೀರಾ ಸಣ್ಣ ಮಕ್ಕಳು ಜೊತೆಯಲ್ಲಿದ್ದರೆ ಬಂಡೆಯನ್ನೇ ಬಿಟ್ಟು ಪಡುಕೆರೆಯಂಥ ಮರಳಿನ ದಡಕ್ಕೆ ಅದೇ ಇಳಿತದ ಹೊತ್ತಿಗೆ ಹೋಗಿ. ಒದ್ದೆ ಮರಳಿನ ಮೇಲೆ ರಾಗಿಕಾಳಿನಂಥ ಉಂಡೆಗಳ ರಂಗೋಲಿ ಕಂಡರೆ ನಡುವಿನ ತೂತಿನ ಹತ್ತಿರ ಕದಲದೆ ಕೂರಿಸಿ. ಕಡಲೆಕಾಳಿನಷ್ಟು ದೊಡ್ಡ ಏಡಿ ಹೊರಗೆ ಬಂದು, ಮರಳು ಬಾಯಿಗೆ ಹಾಕಿ, ತಿನ್ನುವುದನ್ನು ತಿಂದು, ಉಳಿದದ್ದನ್ನು ಉಂಡೆ ಕಟ್ಟಿ ಇಡುತ್ತದೆ. ಮೂರು ವರ್ಷದ ಮಗುವೂ ಅರ್ಧ ಗಂಟೆ ಅಲ್ಲಾಡುವುದಿಲ್ಲ.

ಕಾರು ಹತ್ತುವ ಮೊದಲು ಒಂದು ಕೆಲಸ ಇದೆ. ಮಕ್ಕಳ ಜೇಬು ನೋಡಿ. ಖಾಲಿ ಶಂಖ ಎಂದು ಹಾಕಿಕೊಂಡಿರುತ್ತಾರೆ. ಅಂಗೈ ಮೇಲೆ ಇಟ್ಟು ಎರಡು ನಿಮಿಷ ಕಾಯಿರಿ. ನಮ್ಮ ಮನೆಯ ಸಣ್ಣವಳು ಐದು ಶಂಖ ಹೆಕ್ಕಿದ್ದಳು, ಅದರಲ್ಲಿ ಎರಡಕ್ಕೆ ಕಾಲು ಬಂತು. ಅವಳೇ ಓಡಿಹೋಗಿ ಅವೇ ಗುಂಡಿಗೆ ಬಿಡಬೇಕೆಂದು ಹಟ ಹಿಡಿದಳು. ಅಷ್ಟರಲ್ಲಿ ಆ ಗುಂಡಿ ನೀರಿನಡಿ ಹೋಗಿತ್ತು, ಅಲೆ ತಾಗುವ ಕಲ್ಲಿನ ಬುಡದಲ್ಲಿ ಬಿಟ್ಟು ಬಂದೆವು.